ಮೋರಿಯರೆಂಬ ಕುಬ್ಜರು: ಒಂದು ಐತಿಹ್ಯದ ವಿವೇಚನೆ

1. ಪೀಠಿಕೆ

ಮಾನವನಿಗಿಂತ ಗಿಡ್ಡರಾದ, ಭೂಮಿಯೊಡನೆ ಹಾಗೂ ಕಲ್ಲಿನೊಡನೆ ವಿಶೇಷ ಸಂಬಂಧವುಳ್ಳ ಒಂದು ಜನಾಂಗದ ಕಲ್ಪನೆಯು ಪ್ರಪಂಚದ ಹಲವು ದೇಶಗಳ ಕಥೆಗಳಲ್ಲಿ ಕಂಡುಬರುತ್ತದೆ. ಪಾಶ್ಚಾತ್ಯರು ಇಂಥವರನ್ನು ನೋಮ್‌ಗಳೆಂದು ಕರೆಯುತ್ತಾರೆ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರುವ ನನ್ನ ಮನೆಗೆ ಪಾಠದ ಸಂದೇಹಗಳನ್ನು ಕೇಳಲು ಬರುವ ವಿದ್ಯಾರ್ಥಿಗಳಿಬ್ಬರು ಒಮ್ಮೆ ಈ ಮಾತನ್ನೆತ್ತಿದರು. ತಾವು ಆಡುವ ಕಲ್ಪಿತಲೋಕದ ಆಟಗಳಲ್ಲಿ ನೋಮ್‌ಗಳಿಗೆ ಒಂದು ಊರು, ಒಂದು ಕಸುಬು, ಒಂದು ಸ್ವಭಾವ ಎಲ್ಲವೂ ಉಂಟೆಂದೂ, ನಮ್ಮ ನಾಡಿನಲ್ಲಿ ಅಂಥ ಜನರ ಕಥೆ ಏಕೆ ಇಲ್ಲವೆಂದೂ ಅವರು ಕೇಳಿದರು. ಇಲ್ಲವೆಂದು ಅವರು ನಂಬಿದ್ದುದೇ ನನಗೆ ಆಶ್ಚರ್ಯವನ್ನುಂಟುಮಾಡಿತು. ಹರಿಹರದ ಪಕ್ಕದಲ್ಲಿ ಹರಿದುಹೋಗುವ ತುಂಗಭದ್ರೆಯ ದಡವನ್ನೇ ಹಿಡಿದು ಕೆಳಕ್ಕೆ ನಡೆದರೆ, ಅಂಥ ಜನರು ಕಟ್ಟಿದರೆಂದು ಹೇಳಲಾಗುವ ಒಂದು ಊರೇ ಬೆಟ್ಟದ ಮೇಲೆ ನಿಂತಿದೆ. ಕನ್ನಡಿಗರು ಅವರನ್ನು ಮೋರಿಯರೆಂದು ಕರೆದಿದ್ದಾರೆ.

ಈ ಮೋರಿಯರ ಐತಿಹ್ಯದ ಸ್ವರೂಪವೇನು, ಅದು ಹುಟ್ಟಿದ ಬಗೆ ಯಾವುದು, ಚರಿತ್ರೆಯ ವಿದ್ಯಾರ್ಥಿಯು ಅದನ್ನು ಹೇಗೆ ಸ್ವೀಕರಿಸಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಪಾಶ್ಚಾತ್ಯರ ಕಲ್ಪನೆ

ನೋಮ್ ಎಂಬ ಹೆಸರು ನಾವು ಊಹಿಸುವಷ್ಟು ಪ್ರಾಚೀನವಾದುದಲ್ಲ. ಹದಿನಾರನೆಯ ಶತಮಾನದ ವೈದ್ಯನೂ ರಸವಾದಿಯೂ ಆಗಿದ್ದ ಪ್ಯಾರಾಸೆಲ್ಸಸ್ (1493–1541) ಇದನ್ನು ಬಳಕೆಗೆ ತಂದನು. ಅವನ ಮರಣಾನಂತರ, 1566ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನೀರು, ಗಾಳಿ, ಬೆಂಕಿ, ಮಣ್ಣು ಎಂಬ ನಾಲ್ಕು ಭೂತಗಳಿಗೂ ಒಂದೊಂದು ಬಗೆಯ ನಿವಾಸಿಗಳನ್ನು ಅವನು ಹೇಳಿದ್ದಾನೆ. ಮಣ್ಣಿನ ನಿವಾಸಿಗಳೇ ನೋಮ್‌ಗಳು. ನಾವು ಗಾಳಿಯಲ್ಲಿ ನಡೆದಾಡುವಂತೆ ಅವರು ನೆಲದೊಳಗೆ ತಡೆಯಿಲ್ಲದೆ ನಡೆದಾಡುತ್ತಾರೆಂಬುದು ಅವನ ಮತ.

ಈ ಕಲ್ಪನೆಗೆ ಆಧಾರವಾದುದು ಮಧ್ಯಯೂರೋಪಿನ ಗಣಿಗಾರರ ನಂಬಿಕೆ. ಗಣಿಗಾರಿಕೆಯ ಬಗ್ಗೆ ಶಾಸ್ತ್ರಗ್ರಂಥವನ್ನು ಬರೆದ ಅಗ್ರಿಕೋಲನೂ ಸುರಂಗಗಳಲ್ಲಿ ಕಾಣಿಸಿಕೊಳ್ಳುವ ಕಿರಿಯ ಜೀವಿಗಳನ್ನು ಪ್ರಸ್ತಾಪಿಸಿದ್ದಾನೆ. ಅದಿರಿನಂತೆ ಕಂಡು, ಕರಗಿಸಿದಾಗ ಬೆಳ್ಳಿಯನ್ನು ಕೊಡದೆ ವಿಷದ ಹೊಗೆಯನ್ನು ಕೊಡುವ ಕಲ್ಲನ್ನು ಆ ಗಣಿಗಾರರು ‘ಕೋಬೋಲ್ಡ್’ ಎಂಬ ಭೂತದ ಚೇಷ್ಟೆಯೆಂದು ಭಾವಿಸಿದರು. ಕೋಬಾಲ್ಟ್ ಲೋಹದ ಹೆಸರು ಅಲ್ಲಿಂದ ಬಂದಿದೆ. ಕತ್ತಲಲ್ಲಿ ದುಡಿಯುವವನ ಭಯವೂ ಆಸೆಯೂ ಸೇರಿ ನೋಮ್‌ನ ಸ್ವಭಾವವನ್ನು ರೂಪಿಸಿದವೆಂದು ಹೇಳಬಹುದು. ಅವನು ನಿಧಿಯ ಕಾವಲುಗಾರ, ಕುಶಲಿ, ಮುನಿದರೆ ಕೇಡು, ಒಲಿದರೆ ಲಾಭ. ಹತ್ತೊಂಬತ್ತನೆಯ ಶತಮಾನದಲ್ಲಿ ಅವನು ಸುಣ್ಣಬಣ್ಣದ ಗೊಂಬೆಯಾಗಿ ತೋಟಗಳಲ್ಲಿ ನಿಂತನು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಪಿತಲೋಕದ ಆಟಗಳೊಳಗೆ ಸೇರಿ, ರತ್ನಗಳಲ್ಲಿಯೂ ಮಾಯೆಯಲ್ಲಿಯೂ ಆಸಕ್ತಿಯುಳ್ಳ ವಿನೋದಶೀಲನಾಗಿ ಪರಿಣಮಿಸಿದನು.

ಹೀಗೆ ಕುಬ್ಜನ ಸ್ವಭಾವವು ಕಥೆ ಹೇಳುವವನ ಜೀವನದಿಂದ ಬರುತ್ತದೆ. ಗಣಿಗಾರನು ಹೇಳಿದಾಗ ಅವನು ಲೋಹವನ್ನು ಕಾಯುತ್ತಾನೆ. ತೋಟದ ಒಡೆಯನು ಹೇಳಿದಾಗ ಗಿಡಗಳನ್ನು ಕಾಯುತ್ತಾನೆ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನಾಡಿನ ಕಡೆಗೆ ತಿರುಗೋಣ.

3. ನಮ್ಮ ಪುರಾಣ ಮತ್ತು ಶಿಲ್ಪಗಳಲ್ಲಿ ಕುಬ್ಜರು

ಭಾರತೀಯ ಸಂಪ್ರದಾಯದಲ್ಲಿ ಕುಬ್ಜರು ಒಂದೇ ಬಗೆಯವರಲ್ಲ. ಮೂರು ವರ್ಗಗಳನ್ನು ಇಲ್ಲಿ ಹೆಸರಿಸಿದರೆ ಸಾಕು.

ಮೊದಲನೆಯವರು ಶಿವಗಣಗಳು. ಬಾದಾಮಿಯ ಗುಹಾಲಯಗಳ ಅಧಿಷ್ಠಾನದ ಉದ್ದಕ್ಕೂ ಇವರ ಸಾಲನ್ನು ಕಾಣಬಹುದು. ಅಲ್ಲಿಯ ಮೂರನೆಯ ಗುಹೆಯು ಮಂಗಲೇಶನ ಶಾಸನದ ಪ್ರಕಾರ ಶಕ 500ಕ್ಕೆ, ಅಂದರೆ ಕ್ರಿ.ಶ. 578ಕ್ಕೆ, ಸೇರಿದ್ದು. ಡೊಳ್ಳುಹೊಟ್ಟೆಯ ಈ ಗಿಡ್ಡರು ಕುಣಿಯುತ್ತಾರೆ, ವಾದ್ಯಗಳನ್ನು ನುಡಿಸುತ್ತಾರೆ, ಪರಸ್ಪರ ಚೇಷ್ಟೆ ಮಾಡುತ್ತಾರೆ. ಮೇಲೆ ದೇವತೆಗಳು ಗಂಭೀರರಾಗಿ ನಿಂತಿರುವಾಗ ಕೆಳಗೆ ಇವರಿಗೆ ಯಾವ ಚಿಂತೆಯೂ ಇಲ್ಲ.

ಎರಡನೆಯವರು ವಾಲಖಿಲ್ಯ ಋಷಿಗಳು. ಅಂಗುಷ್ಠದಷ್ಟೇ ಗಾತ್ರದ ಇವರ ಸಂಖ್ಯೆ ಅರವತ್ತು ಸಾವಿರವೆಂಬುದು ಪುರಾಣಪ್ರಸಿದ್ಧ. ಕಶ್ಯಪನ ಯಜ್ಞಕ್ಕೆ ಇವರೆಲ್ಲರೂ ಸೇರಿ ಒಂದು ಮುತ್ತುಗದ ಕಡ್ಡಿಯನ್ನು ಹೊತ್ತು ತರುತ್ತ, ಹಸುವಿನ ಹೆಜ್ಜೆಯಲ್ಲಿ ನಿಂತ ನೀರನ್ನು ದಾಟಲಾರದೆ ಕಷ್ಟಪಡುತ್ತಿದ್ದಾಗ, ಬೆಟ್ಟದಂಥ ಹೊರೆ ಹೊತ್ತ ಇಂದ್ರನು ನಕ್ಕು ಅವರನ್ನು ದಾಟಿಹೋದನೆಂದು ಮಹಾಭಾರತದ ಆದಿಪರ್ವವು ಹೇಳುತ್ತದೆ. ಅವಮಾನಿತರಾದ ಅವರು ಇನ್ನೊಬ್ಬ ಇಂದ್ರನನ್ನೇ ಸೃಷ್ಟಿಸಲು ತೊಡಗಿದರು. ಆ ತಪಸ್ಸಿನ ಫಲವಾಗಿ ಗರುಡನು ಜನಿಸಿದನು. ದೇಹ ಕಿರಿದಾದರೂ ಅಭಿಮಾನ ಕಿರಿದಲ್ಲವೆಂಬುದೇ ಇವರ ಸ್ವಭಾವದ ತಿರುಳು.

ಮೂರನೆಯವರು ಕುಬೇರನ ಪರಿವಾರದ ಯಕ್ಷ-ಗುಹ್ಯಕರು. ಗುಹ್ಯಕನೆಂದರೆ ಅಡಗಿರುವವನು, ನಿಧಿಯನ್ನು ಕಾಯುವುದು ಅವನ ಕರ್ತವ್ಯ. ಪಾಶ್ಚಾತ್ಯರ ನೋಮ್‌ಗೆ ಹೆಚ್ಚು ಸಮೀಪದವರು ಇವರೇ.

ಆದರೆ ಇವರೆಲ್ಲರೂ ಗ್ರಂಥಗಳಲ್ಲಿ ಅಥವಾ ದೇವಾಲಯಗಳಲ್ಲಿ ಇರುವವರು. ಇಂಥ ಸ್ಥಳದಲ್ಲಿ ಬಾಳಿದರು, ಇಂಥ ಮನೆಗಳನ್ನು ಕಟ್ಟಿದರು, ಇಂಥ ರೀತಿಯಲ್ಲಿ ಅಳಿದರು ಎಂದು ಕೈಯೆತ್ತಿ ತೋರಿಸಬಹುದಾದ ಕುಬ್ಜರು ಇವರಲ್ಲ. ಅಂಥವರು ಮೋರಿಯರು ಮಾತ್ರ.

4. ಮೋರಿಯರ ಐತಿಹ್ಯ

ಕೊಪ್ಪಳ ಜಿಲ್ಲೆಯ ಗಂಗಾವತಿಯ ಸಮೀಪದಲ್ಲಿ ಹಿರೇಬೆಣಕಲ್ ಎಂಬ ಗ್ರಾಮವಿದೆ. ಅಲ್ಲಿಂದ ಬೆಟ್ಟದ ದಾರಿಯನ್ನು ಹಿಡಿದು ಏರಿದರೆ ಮೋರ್ಯರ ಗುಡ್ಡವು ಸಿಗುತ್ತದೆ. ಕಣಶಿಲೆಯ ಚಪ್ಪಡಿಗಳನ್ನು ಮೂರು ಅಥವಾ ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ ಕಲ್ಮನೆಗಳು ಅಲ್ಲಿ ಬೀದಿಬೀದಿಯಾಗಿ ನಿಂತಿರುವಂತೆ ತೋರುತ್ತವೆ. ಸಣ್ಣಪುಟ್ಟ ರಚನೆಗಳನ್ನೂ ಸೇರಿಸಿದರೆ ಅವುಗಳ ಸಂಖ್ಯೆ ಸುಮಾರು 400. ಕೆಲವು ಮೊಳಕಾಲೆತ್ತರದವು, ಕೆಲವು ಆಳೆತ್ತರವನ್ನು ಮೀರಿದವು. ಹಲವು ಕಲ್ಮನೆಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯನ್ನು ಕೊರೆಯಲಾಗಿದೆ. ಅದೇ ಬೆಟ್ಟದಲ್ಲಿ ಚಪ್ಪಡಿಗಳನ್ನು ಎಬ್ಬಿಸಿದ ಜಾಗದಲ್ಲಿ ನೀರು ನಿಂತ ಒಂದು ಕೊಳವೂ, ಸಮೀಪದ ಬಂಡೆಗಳಲ್ಲಿ ಕೆಂಪುವರ್ಣದ ಚಿತ್ರಗಳೂ, ಎತ್ತರದ ಬಂಡೆಯ ಮೇಲೆ ಕೂರಿಸಿದ ನಗಾರಿಯಾಕಾರದ ದೊಡ್ಡ ಗುಂಡೂ ಇವೆ. ಆ ಗುಂಡನ್ನು ಬಡಿದರೆ ಹೊರಡುವ ಶಬ್ದವು ಬಹುದೂರ ಕೇಳಿಸುತ್ತದೆ. 2021ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಈ ಸ್ಥಳವು ಸೇರಿತು.

ಇವುಗಳನ್ನು ಕಟ್ಟಿದವರು ಯಾರೆಂದರೆ, ಮೋರಿಯರೆಂಬ ಗಿಡ್ಡಜನ ಎಂಬುದೇ ಸುತ್ತಲಿನ ಗ್ರಾಮಗಳ ಉತ್ತರ. ಕಥೆಯ ವಿವರಗಳು ಊರಿಂದೂರಿಗೆ ಬದಲಾಗುತ್ತವೆ. ಆದರೂ ಅದರ ಮುಖ್ಯಾಂಶಗಳು ಇಷ್ಟು: ಅವರ ಎತ್ತರ ಮೂರಡಿಗಿಂತ ಹೆಚ್ಚಿರಲಿಲ್ಲ. ಆದರೆ ಬಲದಲ್ಲಿ ಅವರಿಗೆ ಸಮಾನರಿರಲಿಲ್ಲ. ನಾವು ಅಲುಗಿಸಲಾರದ ಬಂಡೆಗಳನ್ನು ಅವರು ಎತ್ತಿ ನಿಲ್ಲಿಸಿದರು. ಊರಿನಿಂದ ದೂರವಾಗಿ ಬೆಟ್ಟದ ಮೇಲೆ ತಮ್ಮ ಪಾಡಿಗೆ ತಾವು ಬಾಳಿದರು. ಒಂದು ದಿನ ಆಕಾಶದಿಂದ ಬೆಂಕಿಯ ಮಳೆ ಸುರಿಯುವುದೆಂದು ಅರಿತು, ಅದರಿಂದ ಪಾರಾಗಲು ಕಲ್ಲಿನ ಮನೆಗಳನ್ನು ಕಟ್ಟಿಕೊಂಡರು. ಬೆಂಕಿಯ ಮಳೆ ಬಂದಿತು. ಮನೆಗಳು ಉಳಿದವು, ಮನೆಯವರು ಉಳಿಯಲಿಲ್ಲ.

ಈ ಐತಿಹ್ಯವು ಹಿರೇಬೆಣಕಲ್ಲಿಗೆ ಮಾತ್ರ ಸೀಮಿತವಾದುದಲ್ಲ. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರನು ರಾಜನಕೋಳೂರು ಮೊದಲಾದೆಡೆಯ ಇಂಥ ಕಲ್ಮನೆಗಳನ್ನು ಪರಿಶೀಲಿಸಿ 1853ರಲ್ಲಿ ಪ್ರಕಟಿಸಿದಾಗ, ಅಲ್ಲಿಯ ಜನರೂ ಅವುಗಳನ್ನು ಮೋರಿಯರ ಮನೆಗಳೆಂದೇ ಕರೆಯುತ್ತಿದ್ದರು. ಗಡಿಯಾಚೆ ಇಂದಿನ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರದಲ್ಲಿ ಕಲ್ಮನೆಗಳಿರುವ ಬಂಡೆಗೆ ಮೋರಲ್ ಪಾರೈ ಎಂಬ ಹೆಸರಿದೆ. ಕೊಡಗಿನ ಉತ್ತರಭಾಗದಲ್ಲಿ ಮೋರಿಬೆಟ್ಟವುಂಟು. ಹೆಸರು ಇಷ್ಟು ದೂರ ಹರಡಿರುವುದರಿಂದ ಇದು ಒಂದು ಊರಿನ ಕಟ್ಟುಕಥೆಯಲ್ಲವೆಂಬುದು ಸ್ಪಷ್ಟ.

ಮೋರಿಯರ ಸ್ವಭಾವವು ನೋಮ್‌ಗಳ ಸ್ವಭಾವಕ್ಕಿಂತ ಎಷ್ಟು ಭಿನ್ನವಾಗಿದೆ! ಕಥೆಯ ಈ ಮುಖ್ಯಾಂಶಗಳಲ್ಲಿ ನಿಧಿಯ ಕಾವಲಿಲ್ಲ, ಚೇಷ್ಟೆಯಿಲ್ಲ, ಮಾಯೆಯಿಲ್ಲ. ಮೋರಿಯನು ದುಡಿಯುವವನು, ಮುಂದಾಲೋಚನೆಯುಳ್ಳವನು, ಕಡೆಗೆ ವಿಧಿಗೆ ಸೋತವನು. ಹೊಲದ ಕೆಲಸವನ್ನೂ ಕಲ್ಲಿನ ಕೆಲಸವನ್ನೂ ಬಲ್ಲ, ಮಳೆಗಾಗಿ ಆಕಾಶವನ್ನೇ ನೋಡುವ ಬಯಲುಸೀಮೆಯ ಜನರು ಮಾತ್ರ ಇಂಥ ಕುಬ್ಜನನ್ನು ಕಲ್ಪಿಸಬಲ್ಲರು. ನೀರಿನ ಮಳೆ ಬಾರದಿದ್ದರೆ ಏನಾಗುವುದೆಂದು ತಿಳಿದವರಿಗೆ ಬೆಂಕಿಯ ಮಳೆಯ ಕಲ್ಪನೆ ದೂರದ್ದಲ್ಲ.

5. ಐತಿಹ್ಯದ ತರ್ಕ

ಐತಿಹ್ಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಅದರಲ್ಲಿ ಅಡಗಿರುವ ತರ್ಕವನ್ನು ಗಮನಿಸುವುದಿಲ್ಲ. ದನ ಕಾಯುತ್ತ ಬೆಟ್ಟಕ್ಕೆ ಬಂದ ಒಬ್ಬನು ಈ ರಚನೆಯನ್ನು ಕಾಣುತ್ತಾನೆ. ನಾಲ್ಕು ಗೋಡೆ, ಒಂದು ಮಾಳಿಗೆ, ಒಂದು ಕಿಂಡಿ. ಇದು ಮನೆಯಲ್ಲದೆ ಮತ್ತೇನು? ಮನೆಯಾದರೆ ಕಿಂಡಿಯೇ ಬಾಗಿಲಾಗಬೇಕು. ಆ ಬಾಗಿಲಲ್ಲಿ ನಮ್ಮಂಥವರು ನುಸುಳಲಾರರು. ಆದ್ದರಿಂದ ವಾಸಿಸಿದವರು ಗಿಡ್ಡರು. ಚಪ್ಪಡಿಗಳು ಭಾರವಾದವು, ಆದ್ದರಿಂದ ಅವರು ಬಲಿಷ್ಠರು. ಈಗ ಅಲ್ಲಿ ಯಾರೂ ಇಲ್ಲ; ಆದ್ದರಿಂದ ಏನೋ ಒಂದು ವಿಪತ್ತಿನಿಂದ ಅಳಿದರು. ಕಲ್ಲು ಮಾತ್ರ ಉಳಿದಿದೆ. ಆದ್ದರಿಂದ ಆ ವಿಪತ್ತು ಬೆಂಕಿಯದು. ಪ್ರತಿಯೊಂದು ಹೆಜ್ಜೆಯೂ ಕಣ್ಣಿಗೆ ಕಂಡ ಸಾಕ್ಷ್ಯದಿಂದಲೇ ಹೊರಟಿದೆ. ಚರಿತ್ರಕಾರನ ಕ್ರಮವೂ ಇದಕ್ಕಿಂತ ಬಹಳ ಬೇರೆಯಾದುದೇನಲ್ಲ.

ತಪ್ಪು ನಡೆದಿರುವುದು ಮೊದಲನೆಯ ಹೆಜ್ಜೆಯಲ್ಲಿ. ಅವು ಮನೆಗಳಲ್ಲ, ಗೋರಿಗಳು. 1947ರಲ್ಲಿ ಮಾರ್ಟಿಮರ್ ವ್ಹೀಲರರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನವು ಈ ವಿಷಯದಲ್ಲಿ ಹೆಚ್ಚಿನ ಬೆಳಕನ್ನು ಚೆಲ್ಲಿತು. ಮೈಸೂರು ವಿಶ್ವವಿದ್ಯಾನಿಲಯದ ಡಾ॥ ಎಂ. ಎಚ್. ಕೃಷ್ಣ ಅವರು ಅದಕ್ಕೆ ಮುಂಚೆಯೇ ಅಲ್ಲಿ ಅಗೆತವನ್ನು ಆರಂಭಿಸಿದ್ದರು. ನೆಲದೊಳಗೆ ಹೂಳಿದ ಕಲ್ಲುಪೆಟ್ಟಿಗೆಯಂಥ ಗೋರಿಗಳು, ಅವುಗಳ ಪೂರ್ವದಿಕ್ಕಿನ ಚಪ್ಪಡಿಯಲ್ಲಿ ದುಂಡು ಕಿಂಡಿ, ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಉಪಕರಣಗಳು ಮತ್ತು ಬಿಡಿಬಿಡಿಯಾದ ಅಸ್ಥಿಗಳು ಅಲ್ಲಿ ದೊರೆತವು. ಮೃತನ ದೇಹವನ್ನು ಬೇರೆಡೆ ಇರಿಸಿ, ಅನಂತರ ಅಸ್ಥಿಗಳನ್ನು ಮಾತ್ರ ಆರಿಸಿ ತಂದು ಗೋರಿಯೊಳಗೆ ಸೇರಿಸುವ ಪದ್ಧತಿ ಅದು. ಆದುದರಿಂದ ಕಿಂಡಿಯು ಜೀವಂತ ಗಿಡ್ಡನ ಬಾಗಿಲಲ್ಲ. ಮೃತನ ಎಲುಬುಗಳನ್ನು ಒಳಗಿಡಲು ಕೈ ಚಾಚುವಷ್ಟು ಅವಕಾಶವಿದ್ದರೆ ಅದಕ್ಕೆ ಸಾಕಾಗಿತ್ತು. ಒಂದೇ ಗೋರಿಯಲ್ಲಿ ಹಲವರ ಅಸ್ಥಿಗಳು ಸಿಕ್ಕಿರುವುದನ್ನು ನೋಡಿದರೆ, ಅದನ್ನು ಮತ್ತೆ ಮತ್ತೆ ಬಳಸಿರಬಹುದೆಂದು ತೋರುತ್ತದೆ.

ಆ ಅಸ್ಥಿಗಳು ಸಾಮಾನ್ಯ ಎತ್ತರದ ಸ್ತ್ರೀಪುರುಷರವು. ಮೂರಡಿಯ ಜನಾಂಗವೊಂದು ಇತ್ತೆಂಬುದಕ್ಕೆ ಅವುಗಳಲ್ಲಿ ಆಧಾರವಿಲ್ಲ. ಹಿರೇಬೆಣಕಲ್ಲಿನಲ್ಲಿಯೇ ಆಳೆತ್ತರವನ್ನು ಮೀರಿದ ಕಲ್ಮನೆಗಳಿರುವುದೂ ಐತಿಹ್ಯಕ್ಕೆ ಪ್ರತಿಕೂಲವಾದ ಸಾಕ್ಷ್ಯ. ಗಿಡ್ಡರಿಗೆ ಅಷ್ಟು ಎತ್ತರದ ಮಾಳಿಗೆಯಿಂದ ಏನು ಪ್ರಯೋಜನ?

6. ಹೆಸರಿನ ಸಮಸ್ಯೆ

ಮೋರಿಯ ಎಂಬ ಹೆಸರು ಸಹಜವಾಗಿಯೇ ಮೌರ್ಯರನ್ನು ನೆನಪಿಗೆ ತರುತ್ತದೆ. ಪಾಲಿಭಾಷೆಯಲ್ಲಿ ಮೌರ್ಯರ ಹೆಸರು ಮೋರಿಯ ಎಂದೇ ಇದೆ. ತಮಿಳಿನ ಸಂಘಕಾವ್ಯಗಳಲ್ಲಿಯೂ ರಥಚಕ್ರಗಳಿಗೆ ದಾರಿಯಾಗುವಂತೆ ಬೆಟ್ಟವನ್ನು ಕಡಿದ ಮೋರಿಯರ ಉಲ್ಲೇಖವುಂಟು. ಇದಲ್ಲದೆ ಅಶೋಕನ ಶಾಸನಗಳು ಈ ಪ್ರದೇಶದಲ್ಲಿಯೇ ದಟ್ಟವಾಗಿವೆ. 1892ರಲ್ಲಿ ಬಿ. ಎಲ್. ರೈಸರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರೊಬ್ಬರಿಗೆ ಮಸ್ಕಿಯ ಶಾಸನವು ದೊರೆಯಿತು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಶಾಸನಗಳು ಪತ್ತೆಯಾದವು. ಬ್ರಹ್ಮಗಿರಿಯಲ್ಲಂತೂ ಶಾಸನದ ಬಂಡೆಯೂ ಬೃಹತ್ ಶಿಲಾಗೋರಿಗಳೂ ಒಂದೇ ಬೆಟ್ಟದ ತಪ್ಪಲಿನಲ್ಲಿವೆ.

ಇಷ್ಟರಿಂದ ಮೋರಿಯರೇ ಮೌರ್ಯರೆಂದು ನಿರ್ಣಯಿಸಬಹುದೇ? ಆತುರ ಸಲ್ಲದು. ಈ ಗೋರಿಗಳ ಪದ್ಧತಿಯು ಮೌರ್ಯರಿಗಿಂತ ಹಲವು ಶತಮಾನಗಳಷ್ಟು ಹಿಂದೆಯೇ ಆರಂಭವಾಗಿತ್ತು. ಹಿರೇಬೆಣಕಲ್ಲಿನ ರಚನೆಗಳನ್ನು ವಿದ್ವಾಂಸರು ಸ್ಥೂಲವಾಗಿ ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವೆ ಇರಿಸುತ್ತಾರೆ. ಅಶೋಕನ ಅಧಿಕಾರಿಗಳು ಬಂದಾಗ ಪದ್ಧತಿಯು ಇನ್ನೂ ಜೀವಂತವಾಗಿದ್ದಿರಬಹುದು. ಆದರೆ ಅವರು ಅದನ್ನು ತಂದವರಲ್ಲ. ಪುರಾತನವಾದ ಯಾವುದೇ ದೊಡ್ಡ ಕೆಲಸವನ್ನು ಪ್ರಸಿದ್ಧವಾದ ಹೆಸರಿಗೆ ಒಪ್ಪಿಸುವುದು ಜನರ ರೂಢಿ. ದೇವಾಲಯವಾದರೆ ಜಕಣಾಚಾರಿಯದು, ಕಲ್ಲಿನ ಗೋರಿಯಾದರೆ ಪಾಂಡವರದು, ಆಂಧ್ರದ ಕಡೆಗೆ ಹೋದರೆ ರಾಕ್ಷಸರದು. ಒಂದು ಸಾಮ್ರಾಜ್ಯದ ಹೆಸರು ಹೀಗೆ ಕಲ್ಲಿಗೆ ಅಂಟಿಕೊಂಡು, ಸಾಮ್ರಾಜ್ಯವು ಮರೆತುಹೋದ ಮೇಲೆ ಹೆಸರು ಮಾತ್ರ ಉಳಿದಿರುವುದು ಅಸಂಭವವಲ್ಲ. ಸಂಭವವೆನ್ನುವುದು ಬೇರೆ, ಸಿದ್ಧವೆನ್ನುವುದು ಬೇರೆ. ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಮರೆಯಬಾರದು.

7. ನಿರ್ಮಾತೃಗಳು

ಗ್ರಾಮಸ್ಥರು ಈ ಗೋರಿಗಳನ್ನು ಕುಬ್ಜರಿಗೆ ಒಪ್ಪಿಸಿದರು. ಪಂಡಿತರು ಮಾಡಿದುದೇನು? ಮೆಡೋಸ್ ಟೇಲರನು ಇವುಗಳನ್ನು ಯೂರೋಪಿನ ಶಿಲಾಗೋರಿಗಳೊಡನೆ ಹೋಲಿಸಿ, ಸಿಥಿಯನ್ನರ ಹಾಗೂ ಡ್ರೂಯಿಡರ ಸಂಬಂಧವನ್ನು ಕಲ್ಪಿಸಿದನು. ಕಬ್ಬಿಣದೊಡನೆ ಹೊರಗಿನಿಂದ ಬಂದ ಜನರು ಇವುಗಳನ್ನು ಕಟ್ಟಿದರೆಂದು ಅನಂತರದ ವಿದ್ವಾಂಸರೂ ಬಹುಕಾಲ ಭಾವಿಸಿದ್ದರು. ಎರಡು ಉತ್ತರಗಳಲ್ಲಿಯೂ ಒಂದು ಸಾಮ್ಯವಿದೆ. ಈ ಕೆಲಸವನ್ನು ಮಾಡಿದವರು ನಮ್ಮಂಥವರಲ್ಲ, ಈ ನೆಲದವರಲ್ಲ ಎಂಬುದೇ ಆ ಸಾಮ್ಯ. ಹಳ್ಳಿಗನು ಎತ್ತರದಿಂದ ಅವರನ್ನು ಬೇರೆಯಾಗಿಸಿದನು, ಪಂಡಿತನು ದೇಶದಿಂದ ಬೇರೆಯಾಗಿಸಿದನು.

ಉತ್ಖನನಗಳ ಸಾಕ್ಷ್ಯವು ಬೇರೆಯ ಕಡೆಗೆ ಒಲಿಯುತ್ತದೆ. ಹರಿಹರಕ್ಕಿಂತ ಮೇಲೆ, ಅದೇ ತುಂಗಭದ್ರೆಯ ದಡದಲ್ಲಿರುವ ಹಳ್ಳೂರಿನಲ್ಲಿ ಡಾ॥ ಎಂ. ಎಸ್. ನಾಗರಾಜರಾವ್ ಅವರು 1960ರ ದಶಕದಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದ ಜನವಸತಿಯ ಮೇಲೆಯೇ ಕಬ್ಬಿಣದ ಬಳಕೆಯು ಆರಂಭವಾದುದು ಅಲ್ಲಿ ಕಂಡುಬಂದಿತು. ಅದರ ಕಾಲ ಸುಮಾರು ಕ್ರಿ.ಪೂ. 1000. ಹಳೆಯ ಜನ ಅಳಿದು ಹೊಸಬರು ಬಂದರೆಂಬುದಕ್ಕಿಂತ, ಹಳೆಯ ಬಾಳುವೆಯೊಳಗೆ ಹೊಸ ಲೋಹವೂ ಹೊಸ ಸಂಸ್ಕಾರವಿಧಿಯೂ ಬೆರೆತವೆಂಬುದು ಹೆಚ್ಚು ಯುಕ್ತವಾಗಿ ತೋರುತ್ತದೆ. ದನಕರುಗಳನ್ನು ಸಾಕಿ, ಕಿರುಧಾನ್ಯಗಳನ್ನು ಬೆಳೆದು ಬಾಳಿದವರೇ ಚಪ್ಪಡಿಗಳನ್ನೂ ನಿಲ್ಲಿಸಿದರು.

ಅವರ ಬಲದ ರಹಸ್ಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮೂರು ಮೀಟರು ಉದ್ದ, ಎರಡು ಮೀಟರು ಅಗಲ, ಇಪ್ಪತ್ತು ಸೆಂಟಿಮೀಟರು ದಪ್ಪದ ಒಂದು ಚಪ್ಪಡಿಯನ್ನು ಊಹಿಸೋಣ. ಅದರ ಗಾತ್ರ 1.2 ಘನಮೀಟರು. ಕಣಶಿಲೆಯ ಒಂದು ಘನಮೀಟರು ಸುಮಾರು 2.7 ಟನ್ ತೂಗುವುದರಿಂದ ಚಪ್ಪಡಿಯ ಭಾರ ಮೂರು ಟನ್ನಿಗೂ ಮಿಗಿಲು. ಬಂಡೆಯ ಮೇಲ್ಪದರವು ಬಿಸಿಲು-ಚಳಿಗಳಿಂದ ತಾನಾಗಿಯೇ ಹಾಳೆಯಂತೆ ಸಡಿಲುವುದುಂಟು. ಬೆಂಕಿಯಿಂದಲೂ ಬೆಣೆಯಿಂದಲೂ ಅದನ್ನು ಎಬ್ಬಿಸಬಹುದು. ಎಬ್ಬಿಸಿದುದನ್ನು ಎಳೆಯಲು, ಹಳ್ಳಕ್ಕೆ ಇಳಿಸಿ ನಿಲ್ಲಿಸಲು, ಮೇಲೆ ಇನ್ನೊಂದನ್ನು ಹೊದಿಸಲು ಹತ್ತಾರು ಜನರ ಕೈ ಒಂದೇ ಕ್ಷಣದಲ್ಲಿ ಕೂಡಬೇಕು. ಅವರಿಗೆ ಕೆಲಸದ ದಿನಗಳಲ್ಲಿ ಉಣಿಸುವವರಿರಬೇಕು, ಹಗ್ಗ ಹೊಸೆಯುವವರಿರಬೇಕು, ಉಳಿ ಕಾಯಿಸಿ ಬಡಿಯುವ ಕಮ್ಮಾರನಿರಬೇಕು. ಮೋರಿಯನ ಅಮಾನುಷ ಬಲವೆಂದು ಐತಿಹ್ಯವು ಕರೆದುದು ಸಾಮಾನ್ಯ ಮನುಷ್ಯರ ಒಗ್ಗಟ್ಟಿನ ಬಲ. ಸತ್ತವರಿಗಾಗಿ ಒಂದು ಊರು ಇಷ್ಟು ದುಡಿಯಿತೆಂಬುದು ಕುಬ್ಜರ ಕಥೆಗಿಂತ ಕಡಮೆ ಅದ್ಭುತವೇನಲ್ಲ.

8. ಉಪಸಂಹಾರ

ಈ ವಿವೇಚನೆಯು ಕೇವಲ ಪಾಂಡಿತ್ಯದ ವಿಷಯವಲ್ಲ. ಮೋರಿಯನಿಗೆ ಇಲ್ಲದ ನಿಧಿಯನ್ನು ಈಚಿನ ಆಸೆಯು ಅವನಿಗೆ ಅಂಟಿಸಿದೆ. ನಾಡಿನ ಹಲವೆಡೆ ಇಂಥ ಗೋರಿಗಳು ನಿಧಿಗಳ್ಳರ ಹಾರೆಗೆ ಸಿಕ್ಕಿ ಉರುಳಿವೆ. ಎಷ್ಟೋ ಚಪ್ಪಡಿಗಳು ಕಲ್ಲುಗಣಿಗೆ ಬಲಿಯಾಗಿವೆ. ಅಗೆದವನಿಗೆ ಅಲ್ಲಿ ಸಿಗುವುದು ಒಡೆದ ಮಡಕೆ, ತುಕ್ಕುಹಿಡಿದ ಕಬ್ಬಿಣ, ಹೆಚ್ಚೆಂದರೆ ಕೆಲವು ಮಣಿಗಳು. ಚರಿತ್ರೆಗೆ ಆಗುವ ನಷ್ಟಕ್ಕೆ ಮಾತ್ರ ಪರಿಹಾರವಿಲ್ಲ. ಒಮ್ಮೆ ಕಲಕಿದ ಪದರವನ್ನು ಯಾವ ಪಂಡಿತನೂ ಮತ್ತೆ ಜೋಡಿಸಲಾರನು. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ನಿಧಿಶಾಸನವು ವಿಧಿಸುತ್ತದೆ. ಆದರೆ ಶಾಸನಕ್ಕಿಂತ ತಿಳಿವಳಿಕೆಯೇ ಹೆಚ್ಚಿನ ರಕ್ಷಣೆ.

ಐತಿಹ್ಯವೂ ಗೋರಿಯಂತೆಯೇ ನಾಶವಾಗಬಲ್ಲ ವಸ್ತು. ಅದನ್ನು ಬಲ್ಲ ಹಿರಿಯರು ಊರೂರಲ್ಲಿ ಕಡಮೆಯಾಗುತ್ತಿದ್ದಾರೆ. ಆದಕಾರಣ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಸುತ್ತ ಇಂಥ ಕಲ್ಲುಗಳಿದ್ದರೆ ಅಗೆಯಲು ಹೋಗದೆ, ಅವುಗಳ ಸ್ಥಳ, ದಿಕ್ಕು, ಅಳತೆಗಳನ್ನು ಬರೆದುಕೊಳ್ಳಬೇಕು. ಜನರು ಅವುಗಳಿಗೆ ಕೊಟ್ಟ ಹೆಸರು ಯಾವುದು, ಕಥೆಯನ್ನು ಹೇಳಿದವರು ಯಾರು, ಯಾವ ದಿನ, ಯಾವ ಮಾತುಗಳಲ್ಲಿ ಹೇಳಿದರು ಎಂಬುದನ್ನೂ ತಿದ್ದದೆ ಬರೆದಿಡಬೇಕು. ಮೋರಿಯರು ಎಷ್ಟು ಎತ್ತರವಿದ್ದರೆಂದು ಹೇಳುತ್ತಾರೆ, ಅವರು ಏನು ತಿನ್ನುತ್ತಿದ್ದರು, ಅವರಲ್ಲಿ ಯಾರಾದರೂ ಉಳಿದರೇ ಎಂದು ಕೇಳಬೇಕು. ಉತ್ತರಗಳು ಊರಿಂದೂರಿಗೆ ಭಿನ್ನವಾದಷ್ಟೂ ನಮಗೆ ಲಾಭವೇ.

ಮೇಲೆ ಹೇಳಿದ ವಿದ್ಯಾರ್ಥಿಗಳಿಬ್ಬರೊಡನೆ ನಾನು ಬ್ರಹ್ಮಗಿರಿಗೆ ಹೋಗಿದ್ದೆನು. ಅಲ್ಲಿಯ ಒಂದು ಶಿಲಾವೃತ್ತದ ಬಳಿ ನಿಂತು, ಇದರೊಳಗಿದ್ದವರು ನಿಮ್ಮಷ್ಟೇ ಎತ್ತರದವರಾಗಿದ್ದರೆಂದು ಹೇಳಿದಾಗ ಅವರಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ ಒಬ್ಬನು ತನ್ನ ಅಜ್ಜಿಯನ್ನು ಈ ವಿಷಯವಾಗಿ ಕೇಳಿ ಬರೆದು ತರುವುದಾಗಿ ಹೇಳಿದನು. ನೋಮ್‌ಗಳ ಪ್ರಶ್ನೆಯಿಂದ ಆರಂಭವಾದ ವಿಚಾರವು ಅಲ್ಲಿಗೆ ಬಂದು ಮುಟ್ಟಿದುದು ಅಧ್ಯಾಪಕನಾದ ನನಗೆ ಸಂತೋಷದ ಸಂಗತಿ.